ಕಲ್ಪನೆಯ ರಾಜ್ಯ ಕಟ್ಟುವ ಮುಂಚೆ ಒಮ್ಮೆ ಗಜನಿ ಗದ್ದೆ ನೋಡಿ ಬನ್ನಿ

ಫ್ಯಾಂಟಸಿ ಬರೆಯೋಕೆ ಕೂತವರು ಮೊದಲು ರಾಜನಿಗೆ ಹೆಸರಿಡುತ್ತಾರೆ, ಆಮೇಲೆ ಅವನ ಕತ್ತಿಗೆ. ಅದಕ್ಕೆ ಅವಸರ ಬೇಡ. ಅಲ್ಲಿನ ಜನ ಏನು ಉಣ್ಣುತ್ತಾರೆ? ಮೊದಲು ಅದನ್ನು ಹೇಳಿ.

ಕುಮಟಾ ಹತ್ತಿರ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ. ಉಬ್ಬರದ ಉಪ್ಪುನೀರು ಅಲ್ಲಿವರೆಗೂ ನುಗ್ಗುತ್ತದೆ, ಅದಕ್ಕೇ ಸುತ್ತ ಕಟ್ಟು ಹಾಕಿ ಹಲಗೆಯ ಬಾಗಿಲು ಇಟ್ಟಿರುತ್ತಾರೆ. ಮಳೆನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ. ಉಪ್ಪಿಗೂ ನೆರೆಗೂ ಜಗ್ಗದ ತಳಿ ಅದು. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಈಗ ಕೇಳಿಕೊಳ್ಳಿ: ಬಾಗಿಲು ಯಾವಾಗ ಎತ್ತಬೇಕು ಅಂತ ಹೇಳೋರು ಯಾರು? ಭತ್ತದವನಿಗೆ ಮುಚ್ಚಿರಬೇಕು, ಮೀನಿನವನಿಗೆ ತೆರೆದಿರಬೇಕು, ಒಬ್ಬನ ಕಟ್ಟು ಒಡೆದರೆ ಪಕ್ಕದವನ ಪೈರೂ ಹೋಯ್ತು. ಜಗಳಕ್ಕೆ ಡ್ರ್ಯಾಗನ್ ಬೇಕಾಗಿಲ್ಲ ಅಲ್ವಾ?

ಇನ್ನು ಇದರಲ್ಲಿ ಒಂದೇ ಒಂದು ಸಂಗತಿ ಬದಲಿಸಿ. ನಮ್ಮ ಕಡಲಲ್ಲಿ ದಿನಕ್ಕೆ ಎರಡು ಉಬ್ಬರ, ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ. ನಿಮ್ಮ ಲೋಕಕ್ಕೆ ಎರಡು ಚಂದ್ರ ಬೇಕಾ? ಇಡಿ, ಆದರೆ ಸುಮ್ನೆ ಅಲಂಕಾರಕ್ಕೆ ಬೇಡ. ಎರಡೂ ಸೂರ್ಯನ ಜೊತೆ ಒಂದೇ ಗೆರೆಗೆ ಬಂದ ದಿನ ಕಟ್ಟು ತಡೆಯೋದು ಕಷ್ಟ. ಆ ದಿನವನ್ನು ಲೆಕ್ಕ ಹಾಕಬಲ್ಲ ಮುದುಕಿಗೆ ಊರಲ್ಲಿ ಎಷ್ಟು ಬೆಲೆ ಇರಬಹುದು, ಅವಳು ಬೇಕಂತಲೇ ತಪ್ಪು ದಿನ ಹೇಳಿದರೆ ಏನಾಗಬಹುದು, ಯೋಚಿಸಿ.

ಇತಿಹಾಸದಿಂದ ವೇಷಭೂಷಣ ಕದಿಯಬೇಡಿ, ಕಾರಣ ಕದಿಯಿರಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ದರು. 1552ರಿಂದ 1606ರವರೆಗೆ ಆಳಿದವಳು. ಅವಳ ಬಲ ಎಲ್ಲಿಂದ ಬಂತು? ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮಳೆ ಸುರಿಸುತ್ತದೆ, ಆ ತೇವಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ, ಕೆಳಗೆ ಶರಾವತಿ, ನದಿ ಮುಗಿಯುವಲ್ಲಿ ಹೊನ್ನಾವರದ ಬಂದರು. ಮಳೆಯನ್ನು ಘಟ್ಟದ ಆಚೆಗೆ ತಳ್ಳಿದರೆ ಈ ರಾಣಿಯೇ ಇಲ್ಲ. ಶಿರಸಿ ದಾಟಿ ಇನ್ನೂ ಒಳನಾಡಿಗೆ, ಮುಂಡಗೋಡ ಕಡೆ ಹೋದವರಿಗೆ ಗೊತ್ತು, ಶಿರಸಿಯ ಮಳೆ ಅಲ್ಲಿಲ್ಲ. ನಕ್ಷೆ ಬಿಡಿಸುವಾಗ ಗಾಳಿಗೊಂದು ಬಾಣದ ಗುರುತು ಹಾಕಿಕೊಳ್ಳಿ.

ಕೋಟೆಗೂ ಹಾಗೇ. ಮಿರ್ಜಾನ್ ಕೋಟೆ ಈ ಕರಾವಳಿಯಲ್ಲೇ ಸಿಗುವ ಚಿರೆಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆಯದು. ನಿಮ್ಮದು ಬಿಳಿ ಅಮೃತಶಿಲೆಯದಾದರೆ ಅದನ್ನು ಹೊತ್ತು ತಂದವರು ಯಾರು, ಅವರಿಗೆ ಕೂಲಿ ಸಿಕ್ಕಿತಾ ಅನ್ನೋದನ್ನೂ ಬರೆದಿಟ್ಟುಕೊಳ್ಳಿ.