ತೊಗಟೆ ತೆಗೆದು ಸಕ್ಕರೆಯ ದಾರಿ ನೋಡಿದ್ದು

ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ. ಓದಿ ಗೊತ್ತಿತ್ತು, ಆದರೆ ಕಣ್ಣಾರೆ ನೋಡಬೇಕಿತ್ತು. ಮೈಕ್ರೋಸ್ಕೋಪ್ ಏನೂ ಬೇಡ, ಹರಿತವಾದ ಬ್ಲೇಡು ಮತ್ತು ಒಂದು ದಾಸವಾಳದ ಗಿಡ ಸಾಕಾಯಿತು.

ಪೆನ್ಸಿಲ್ ದಪ್ಪದ ಮೂರು ಕೊಂಬೆ ಆರಿಸಿಕೊಂಡೆ. ಮೊದಲನೆಯದರಲ್ಲಿ ಸುಮಾರು 2 ಸೆಂಟಿಮೀಟರ್ ಅಗಲಕ್ಕೆ ಸುತ್ತಲೂ ತೊಗಟೆ ತೆಗೆದೆ. ಎರಡನೆಯದರಲ್ಲೂ ಹಾಗೇ ಮಾಡಿ, ಗಾಯದ ಮೇಲಿದ್ದ ಎಲೆಗಳನ್ನೆಲ್ಲ ಕಿತ್ತೆ, ಹೊಸ ಚಿಗುರು ಬಂದಾಗಲೂ ಚಿವುಟುತ್ತಾ ಹೋದೆ. ಮೂರನೆಯದರಲ್ಲಿ ಮಾತ್ರ ಮೇಲಿಂದ ಕೆಳಕ್ಕೆ ಒಂದು ಪಟ್ಟಿ ತೊಗಟೆ ಹಾಗೇ ಬಿಟ್ಟೆ. ಹೀಗೆ ಹೋಲಿಸಿ ನೋಡದಿದ್ದರೆ, ಊತ ಬಂದದ್ದು ಬರೀ ಗಾಯದಿಂದಲೋ ಎಲೆಯಿಂದ ಬಂದದ್ದು ಅಲ್ಲಿ ನಿಂತದ್ದರಿಂದಲೋ ಹೇಳೋಕಾಗಲ್ಲ, ಅಲ್ವಾ?

ತೊಗಟೆ ತೆಗೆದ ಜಾಗದಲ್ಲಿ ಜಾರುವಂಥ ತೆಳು ಪದರವೊಂದು ಉಳಿಯುತ್ತದೆ, ಅದು ಕ್ಯಾಂಬಿಯಂ. ಅದನ್ನು ಕೆರೆದು ತೆಗೆಯಲೇಬೇಕು. ಬಿಟ್ಟರೆ ಹೊಸ ತೊಗಟೆ ಬೆಳೆದು ದಾರಿ ಮತ್ತೆ ಕೂಡಿಕೊಳ್ಳುತ್ತದೆ. ಕೆರೆಯುವಾಗ ಕಟ್ಟಿಗೆಗೆ ಪೆಟ್ಟಾಗಬಾರದು. ಆಮೇಲೆ ಒಣಗದಂತೆ ಪ್ಲಾಸ್ಟಿಕ್ ಸುತ್ತಿದೆ.

ಕೆಲವು ವಾರ ಕಳೆದ ಮೇಲೆ ವ್ಯತ್ಯಾಸ ಚೆನ್ನಾಗಿ ಕಂಡಿತು. ಮೊದಲ ಕೊಂಬೆಯಲ್ಲಿ ಗಾಯದ ಮೇಲಂಚು ದಪ್ಪಗೆ ಊದಿತ್ತು, ಕೆಳಂಚು ಹಾಗೇ ಇತ್ತು. ಎಲೆಗಳು ಮಾತ್ರ ಹಸಿರಾಗಿಯೇ ಇದ್ದವು. ನನಗೆ ತುಂಬಾ ಖುಷಿ ಕೊಟ್ಟದ್ದು ಇದೇ: ನೀರಿನ ದಾರಿ ತೆರೆದೇ ಇದೆ, ಸಕ್ಕರೆಯ ದಾರಿ ಮಾತ್ರ ಕಡಿದಿದೆ! ಎಲೆ ಕಿತ್ತ ಕೊಂಬೆ ಊದಲೇ ಇಲ್ಲ, ನಿಧಾನವಾಗಿ ಸೊರಗಿತು. ಪಟ್ಟಿ ಉಳಿಸಿದ ಕೊಂಬೆ ಹೆಚ್ಚುಕಮ್ಮಿ ಮೊದಲಿನಂತೆಯೇ ಇತ್ತು. 17ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಮಾಲ್ಪಿಘಿ ತೊಗಟೆ ತೆಗೆದು ಕಂಡದ್ದೂ ಈ ಊತವನ್ನೇ. ಸಕ್ಕರೆಯ ಜೊತೆ ಚಿಗುರಿನಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನೂ ಅಲ್ಲೇ ನಿಲ್ಲುತ್ತದೆ, ಊತದಲ್ಲಿ ಅದರ ಪಾಲೂ ಇದೆ.

ಸರಿ, ಸಕ್ಕರೆಯನ್ನು ತಳ್ಳುವುದು ಯಾರು? ಸುಮ್ನೆ ಭಾರಕ್ಕೆ ಇಳಿಯುವುದಲ್ಲ. 1930ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಅರ್ನ್ಸ್ಟ್ ಮುಂಚ್ ಕೊಟ್ಟ ವಿವರಣೆಯನ್ನೇ ಈಗಲೂ ಹೆಚ್ಚಾಗಿ ಒಪ್ಪುತ್ತಾರೆ. ಎಲೆಯ ಹತ್ತಿರ ಫ್ಲೋಯಂ ನಳಿಕೆಗಳಿಗೆ, ಅಂದರೆ ಸಕ್ಕರೆ ಸಾಗುವ ಆ ಒಳಪದರದ ನಳಿಕೆಗಳಿಗೆ, ಸುಕ್ರೋಸ್ ಎಂಬ ಸಕ್ಕರೆ ತುಂಬಿಕೊಂಡಾಗ ಪಕ್ಕದ ಕ್ಸೈಲಂನಿಂದ, ಅಂದರೆ ನೀರು ಸಾಗುವ ಕಟ್ಟಿಗೆಯಿಂದ, ನೀರು ಒಳಗೆ ನುಗ್ಗುತ್ತದೆ, ಒತ್ತಡ ಏರುತ್ತದೆ. ಬೇರಿನಲ್ಲೋ ಕಾಯಿಯಲ್ಲೋ ಸಕ್ಕರೆ ಹೊರಗೆ ಹೋದಂತೆ ನೀರೂ ಹೊರಡುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಈ ವ್ಯತ್ಯಾಸಕ್ಕೆ ರಸ ಹರಿಯುತ್ತದೆ, ಅದೂ ಗಂಟೆಗೆ ಹೆಚ್ಚುಕಮ್ಮಿ ಒಂದು ಮೀಟರ್ ವೇಗದಲ್ಲಿ.

ಹಾಗಾಗಿ ಹರಿವು ಯಾವಾಗಲೂ ಕೆಳಕ್ಕೇ ಅಂತಿಲ್ಲ. ಮೇಲಿನ ಮೊಗ್ಗಿಗೂ ಎಳೆ ಚಿಗುರಿಗೂ ಸಕ್ಕರೆ ಹತ್ತುತ್ತದೆ. ಎಳೆ ಎಲೆ ಮೊದಲು ಬೇರೆ ಎಲೆಗಳಿಂದ ಪಡೆಯುತ್ತದೆ, ಬಲಿತ ಮೇಲೆ ತಾನೇ ಕಳಿಸಲು ಶುರು ಮಾಡುತ್ತದೆ.

ನೀವೂ ಮಾಡುವುದಾದರೆ ಪಕ್ಕದ ಕೊಂಬೆಯಲ್ಲೇ ಮಾಡಿ. ಮುಖ್ಯ ಕಾಂಡದ ಸುತ್ತ ತೊಗಟೆ ತೆಗೆದರೆ ಬೇರಿಗೆ ಆಹಾರ ಸಿಗದೆ ಇಡೀ ಗಿಡವೇ ಸಾಯಬಹುದು. ಊದಿದ ಕೊಂಬೆಯನ್ನು ವ್ಯರ್ಥ ಮಾಡಬೇಡಿ. ಅಲ್ಲಿಗೆ ಒದ್ದೆ ತೆಂಗಿನ ನಾರಿನ ಪುಡಿ ಕಟ್ಟಿದರೆ ಊತದಿಂದಲೇ ಬೇರು ಬರುತ್ತದೆ. ಗೂಟಿ ಕಟ್ಟುವುದು ಅಂದರೆ ಇದೇ. ಬೇರು ಬಲಿತ ಮೇಲೆ ಕೆಳಗೆ ಕತ್ತರಿಸಿ ನಾನು ಅದನ್ನು ಬೇರೆ ಕುಂಡಕ್ಕೆ ನೆಟ್ಟೆ.