ಡೇರೆ ಗಡ್ಡೆ ಕುಂಡದಲ್ಲೇ ಉಳಿಯುತ್ತದೆ

ಡೇರೆ, ಅಂದರೆ ಡೇಲಿಯಾ ಹೂಗಿಡದ ಗಡ್ಡೆಯನ್ನು ಕುಂಡದಲ್ಲಿ ಬಿಟ್ಟರೆ ಕೊಳೆಯುತ್ತದೆ, ಕಿತ್ತು ಬೂದಿ ಹಚ್ಚಿ ಅಟ್ಟಕ್ಕೆ ಹಾಕಲೇಬೇಕು ಎನ್ನುವುದು ಶಿರಸಿ ಸೀಮೆಯ ಮನೆಮನೆಯ ಮಾತು. ನಾನು ಕಿತ್ತಿಡುವುದನ್ನೇ ಬಿಟ್ಟು ನಾಲ್ಕೈದು ವರ್ಷವಾಗುತ್ತ ಬಂತು. ಈಗ 10 ಕುಂಡ ಇಟ್ಟರೆ ಏಳೆಂಟು ಮೇ ತಿಂಗಳಲ್ಲಿ ಕಣ್ಣು ಬಿಡುತ್ತವೆ. ಬೂದಿಯಲ್ಲಿಟ್ಟಾಗ ಎರಡೋ ಮೂರೋ ಬಂದರೆ ಹೆಚ್ಚು. ಆಗುವ ಕೆಲಸವಲ್ಲ ಅಂದವರೇ ಈಗ ಹಿಳ್ಳು (ಮರಿಗಿಡ) ಕೇಳಿಕೊಂಡು ಬರುತ್ತಾರೆ.

ಗಡ್ಡೆ ಹಾಳಾಗುವುದು ಜೂನ್ ಮಳೆಗೆ ಅಂತ ಎಲ್ಲರ ಲೆಕ್ಕ. ನನ್ನ ಲೆಕ್ಕದಲ್ಲಿ ಅರ್ಧ ಗಡ್ಡೆ ಹಿಂದಿನ ಸೆಪ್ಟೆಂಬರಿನಲ್ಲೇ ಹಾಳಾಗಿರುತ್ತದೆ. ಚೌತಿ ಹೂ ಮುಗಿಯಿತು, ಗಿಡ ಸೊರಗಿತು ಅಂತ ಬುಡಕ್ಕೇ ಕತ್ತಿ ಹಾಕುತ್ತಾರೆ. ಡೇರೆ ಜೋರಾಗಿ ಗಡ್ಡೆ ಕಟ್ಟುವುದು ಹಗಲು 12 ಗಂಟೆಗಿಂತ ಗಿಡ್ಡವಾದ ಮೇಲೆ, ಅಂದರೆ ಹಸ್ತ ಮಳೆಯಿಂದ ಈಚೆಗೆ. ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ಹಸಿರು ಎಲೆ ಇದ್ದರೆ ಮಾತ್ರ ಗಡ್ಡೆಗೆ ತೂಕ ಬರುತ್ತದೆ. ಸೆಪ್ಟೆಂಬರಿನಲ್ಲಿ ಕಡಿದ ಗಿಡದ ಬುಡ ಬಿಡಿಸಿ ನೋಡಿ, ಬೆರಳು ಗಾತ್ರದ ನೀರುಗಡ್ಡೆ ಇರುತ್ತದೆ. ಅದು ಯಾವ ಬೂದಿಯಲ್ಲೂ ಉಳಿಯುವುದಿಲ್ಲ.

ಇದನ್ನು ಬೇರೆ ರೀತಿಯಲ್ಲೂ ಪರೀಕ್ಷೆ ಮಾಡಿದ್ದೇನೆ. ನಾಲ್ಕಾರು ಕುಂಡಗಳನ್ನು ಜಗಲಿಯ ಎಲ್‌ಇಡಿ ಬಲ್ಬಿನ ಕೆಳಗಿಟ್ಟು, ಅಕ್ಟೋಬರಿನಿಂದ ರಾತ್ರಿ 10ರವರೆಗೆ ದೀಪ ಹಾಕಿಟ್ಟೆ. ಗಿಡ ಸೊಂಪಾಗಿ ಬೆಳೆಯಿತು, ಕೆಳಗೆ ಬರೀ ನಾರುಬೇರು. ಅಂಗಳದ ಕತ್ತಲೆಯಲ್ಲಿದ್ದ ಅದೇ ಜಾತಿಗೆ ಮುಷ್ಟಿ ತುಂಬ ಗಡ್ಡೆ. ರಾತ್ರಿಯೆಲ್ಲ ದೀಪ ಉರಿಯುವ ಗೇಟಿನ ಪಕ್ಕ ಡೇರೆ ಇಟ್ಟವರು ಮೊದಲು ಅದನ್ನು ಅಲ್ಲಿಂದ ಎತ್ತಬೇಕು.

ನಾನು ಉಳಿಸುವುದು ತಾಯಿಗಿಡದ ಗಡ್ಡೆಯನ್ನಲ್ಲ, ತಡವಾಗಿ ಊರಿದ ತುಂಡಿನ ಗಡ್ಡೆಯನ್ನು. ಪುಷ್ಯ ಮಳೆ ಮುಗಿದು ಆಶ್ಲೇಷ ಹಿಡಿಯುವಾಗ, ಅಂದರೆ ಆಗಸ್ಟ್ ಮೊದಲ ವಾರ, 3 ಇಂಚಿನ ಕುಡಿ ತೆಗೆಯುತ್ತೇನೆ. ಪೆನ್ಸಿಲಿಗಿಂತ ಸಪೂರ ಇರಬೇಕು, ಒಳಗೆ ಟೊಳ್ಳಿರಬಾರದು. ಟೊಳ್ಳು ಕಡ್ಡಿ ನೀರು ಕುಡಿದು ನಾಲ್ಕೇ ದಿನಕ್ಕೆ ಕರಗುತ್ತದೆ. ಎಲೆ ಹುಟ್ಟುವ ಗಂಟಿನ ಸರಿಯಾಗಿ ಕೆಳಗೆ ಕೊಯ್ದು, ಕೆಳಗಿನ ಎರಡು ಎಲೆ ಮಾತ್ರ ಚಿವುಟಬೇಕು. ಎಲೆಯ ಕಂಕುಳಲ್ಲಿರುವ ಮೊಗ್ಗಿಗೆ ಉಗುರು ತಾಗಬಾರದು. ಆ ಗಂಟು ಮಣ್ಣಿನೊಳಗೆ ಒಂದು ಇಂಚು ಹೋಗಲೇಬೇಕು, ಮುಂದಿನ ವರ್ಷದ ಕಣ್ಣು ಬರುವುದೇ ಅಲ್ಲಿಂದ. ಗಂಟು ಮೇಲೆ ಬಿಟ್ಟು ಊರಿದರೂ ಬೇರು ಬರುತ್ತದೆ, ಹೂವೂ ಆಗುತ್ತದೆ, ಗಡ್ಡೆಯೂ ಕಟ್ಟುತ್ತದೆ. ಆದರೆ ಅದು ಕುರುಡು ಗಡ್ಡೆ, ಎಷ್ಟು ವರ್ಷ ಇಟ್ಟರೂ ಚಿಗುರುವುದಿಲ್ಲ.

ಊರುವುದಕ್ಕೆ ಅರ್ಧ ಹೊಳೆಮರಳು, ಅರ್ಧ ಉಮಿಕರಿ, ಗೊಬ್ಬರ ಬೇಡವೇ ಬೇಡ. ಬೆಳಕು ಬರುವ, ಮಾಡಿನ ನೀರು ಬೀಳದ ಜಾಗ ಬೇಕು. 15ರಿಂದ 20 ದಿನಕ್ಕೆ ಬೇರು. ಆಮೇಲೆ 6 ಇಂಚಿನ ಮಣ್ಣಿನ ಕುಂಡ. ಬಣ್ಣ ಬಳಿದದ್ದು ಬೇಡ, ಗೋಡೆ ಉಸಿರಾಡಬೇಕು. ತಳದ ತೂತನ್ನು ಕಿರುಬೆರಳು ಹೋಗುವಷ್ಟು ದೊಡ್ಡ ಮಾಡಿ, ಮೇಲೆ ಅಡಕೆ ಗಾತ್ರದ ಚಿರೇಕಲ್ಲಿನ ಚೂರು ಹಾಕುತ್ತೇನೆ. ಬೆಟ್ಟದ ಮಣ್ಣು 2 ಪಾಲು, ಮರಳು 1, ವರ್ಷ ಕಳೆದ ಕೊಟ್ಟಿಗೆ ಗೊಬ್ಬರ 1, ಉಮಿಕರಿ ಅರ್ಧ ಪಾಲು, ಬೇವಿನ ಹಿಂಡಿ ಒಂದು ಚಿಟಿಕೆ. ಹಸಿ ಗೊಬ್ಬರ ಹಾಕಿದರೆ ಎಲೆ ಹಿಗ್ಗುತ್ತದೆ, ಗಡ್ಡೆ ಮೆತ್ತಗಾಗುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ಬೂದಿ ಬಿಟ್ಟು ಮತ್ತೇನೂ ಕೊಡುವುದಿಲ್ಲ. ತೋಟಕ್ಕೆ ಮಾಡಿದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಉಳಿದಿದ್ದರೆ ಒಮ್ಮೆ ಬುಡಕ್ಕೂ ಎಲೆಗೂ ಹೊಡೆಯುತ್ತೇನೆ.

ಈ ಗಿಡಗಳು ದೀಪಾವಳಿ ಹೊತ್ತಿಗೆ ಅರಳುತ್ತವೆ. ಚೌತಿ ಡೇರೆ ಮಳೆನೀರು ಹೊತ್ತು ಬಾಗಿ ಎಸಳು ಕಂದುವಾಗ, ಇವು ಸೆಟೆದು ನಿಂತು ವಾರಗಟ್ಟಲೆ ಇರುತ್ತವೆ. ಪಕ್ಕದ ಎರಡು ಮೊಗ್ಗು ಚಿವುಟಿದರೆ 5 ಇಂಚಿನ ಹೂ ಖಂಡಿತ. ಸಣ್ಣ ಕುಂಡದಲ್ಲಿ ಇಕ್ಕಟ್ಟಾಗಿ ಕಟ್ಟಿದ ಗಡ್ಡೆ ಗಿಡ್ಡ, ಗಟ್ಟಿ. ಕಡ್ಡಿಗೆ ಸೇರುವ ಕುತ್ತಿಗೆ ದಪ್ಪ ಇರುವುದರಿಂದ ಮುರಿಯುವುದಿಲ್ಲ.

ಡಿಸೆಂಬರ್ ನಡುವಿನಿಂದ ನೀರು ಕಡಿಮೆ ಮಾಡಿ ಗಿಡ ತಾನಾಗಿ ಹಳದಿಯಾಗಲು ಬಿಡಬೇಕು. ಕಡ್ಡಿ 5 ಇಂಚು ಉಳಿಸಿ ಕತ್ತರಿಸಿ, ಕೊಯ್ದ ಬಾಯಿಗೆ ಮೇಣದ ಬತ್ತಿ ಕರಗಿಸಿ ಬಿಡುತ್ತೇನೆ. ಬುಡದ ಕಡ್ಡಿ ಟೊಳ್ಳು, ಅದರೊಳಗೆ ಇಳಿದ ಒಂದು ಚಮಚ ನೀರು ಸಾಕು ಕಣ್ಣು ಕೊಳೆಯಲು. ಆಮೇಲೆ ಮನೆಯ ಬಡಗು ಗೋಡೆಯ ನೆರಳಲ್ಲಿ ಮರಳು ಹಾಸಿ, ಕುಂಡಗಳನ್ನು ಅಡ್ಡ ಮಲಗಿಸಿ, ಅರ್ಧ ಮುಚ್ಚುವಷ್ಟು ಮರಳು ಏರಿಸುತ್ತೇನೆ. ನೀರು ಹಾಕುವುದು ಮರಳಿಗೆ, ಕುಂಡಕ್ಕಲ್ಲ, ಹತ್ತು ಹನ್ನೆರಡು ದಿನಕ್ಕೊಮ್ಮೆ ಕುಂಡಕ್ಕೊಂದು ಚೊಂಬಿನ ಲೆಕ್ಕ. ಕುಂಡದ ಗೋಡೆ ಎಳೆದುಕೊಳ್ಳುವಷ್ಟೇ ತೇವ ಗಡ್ಡೆಗೆ ಸಿಗುತ್ತದೆ. ಈ ಮರಳಿಗೆ ನಾನು ಇನ್ನೊಂದು ಸಾಮಾನು ಬೆರೆಸುತ್ತೇನೆ, ಹೆಗ್ಗಣವೂ ಇರುವೆಯೂ ಹತ್ತಿರ ಸುಳಿಯುವುದಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಟ್ಟದ ಬೂದಿ ಸೋಲುವುದು ಇದೇ ತೇವದ ವಿಷಯದಲ್ಲಿ. ಮಾರ್ಚ್‌ನಲ್ಲಿ ಹೆಂಚಿನಡಿಯ ಕಾವಿಗೆ ಗಡ್ಡೆ ಮುರುಟುತ್ತದೆ, ಮೇ ಕೊನೆಗೆ ಅದೇ ಬೂದಿ ಗಾಳಿಯ ಪಸೆ ಎಳೆದು ಕ್ಷಾರದ ಮುದ್ದೆಯಾಗಿ ಸಿಪ್ಪೆ ಸುಡುತ್ತದೆ. ತೆಂಗಿನ ನಾರಿನ ಪುಡಿಯಲ್ಲೂ ಇಟ್ಟು ನೋಡಿದ್ದೇನೆ, ಒದ್ದೆಯಾದರೆ ಆರುವುದೇ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟದ್ದು ತೂತು ಕಟ್ಟಿಕೊಂಡು ಪೂರ್ತಿ ಹೋಯಿತು. ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಪೇಪರ್ ಸುತ್ತಿಟ್ಟದ್ದು ಉಳಿಯಿತು, ಕವರಿನಲ್ಲಿಟ್ಟದ್ದಕ್ಕೆ ಬೂಷ್ಟು. ಅಗ್ನಿಶಿಖೆ ಹೂಬಳ್ಳಿಯ ಗಡ್ಡೆಯನ್ನೂ ಇದೇ ಮರಳಿನ ಪಕ್ಕ ಇಟ್ಟಿದ್ದೆ. ಅದಕ್ಕೆ ತೇವವೇ ಬೇಡ, ಒಣ ಕುಂಡದಲ್ಲಿ ಜೂನ್‌ವರೆಗೆ ಹಾಯಾಗಿ ಮಲಗಿರುತ್ತದೆ.

ಮೇ ತಿಂಗಳ ಅಡ್ಡಮಳೆಗೆ ಕಣ್ಣು ಕೆಂಪಾಗಿ ಉಬ್ಬಿದ ಮೇಲೆಯೇ ಕುಂಡ ಎತ್ತಿ ನಿಲ್ಲಿಸಬೇಕು, ಅದೂ ಮಾಡಿನಡಿ. ನಾಲ್ಕು ಎಲೆ ಬರುವವರೆಗೆ ಮಳೆಗೆ ಒಡ್ಡಲೇಬಾರದು. ಎಲೆ ಇಲ್ಲದ ಗಡ್ಡೆ ನೀರು ಎಳೆಯುವುದಿಲ್ಲ, ನಿಂತ ನೀರಲ್ಲಿ ಉಸಿರುಗಟ್ಟಿ ಕುತ್ತಿಗೆಯಿಂದ ಕೊಳೆಯುತ್ತದೆ. ಸಂಶಯವಿದ್ದರೆ ಕುತ್ತಿಗೆಯನ್ನು ಉಗುರಿನಿಂದ ಕೆರೆದು ನೋಡಿ. ಬಿಳಿಯಾಗಿ ಜಿನುಗಿದರೆ ಜೀವವಿದೆ, ಕಂದು ಗೆರೆ ಕಂಡು ಹುಳಿ ವಾಸನೆ ಬಂದರೆ ಆ ಕುಂಡದ ಮಣ್ಣನ್ನೂ ಚೆಲ್ಲಿ.

ದುಡ್ಡಿನ ಮಾತು. ಬಂಗಾಳದ ಬೆಟ್ಟದೂರು ಕಾಲಿಂಪಾಂಗ್ ಕಡೆಯಿಂದ ಕೊರಿಯರಿನಲ್ಲಿ ಗಡ್ಡೆಗೆ 200, 250 ಕೊಟ್ಟು ತರಿಸಿದ್ದಿದೆ. ಒಂದು ವರ್ಷ ಹತ್ತಿರ ಹತ್ತಿರ 3000 ರೂಪಾಯಿಯ ಮಾಲಿನಲ್ಲಿ ಅರ್ಧಕ್ಕೆ ಕಣ್ಣೇ ಇರಲಿಲ್ಲ, ದಪ್ಪ ಗಡ್ಡೆ, ಮುರಿದ ಕುತ್ತಿಗೆ. ಈಗ ಕುಂಡಕ್ಕೆ 50 ರೂಪಾಯಿ, ಮಣ್ಣು ಮರಳಿಗೆ ಹತ್ತಿಪ್ಪತ್ತು. ಕುಂಡ ನಾಲ್ಕು ವರ್ಷ ಬರುತ್ತದೆ. ಹೆಚ್ಚಾದ ಹಿಳ್ಳನ್ನು 40ಕ್ಕೆ ಕೊಟ್ಟರೂ ಖರ್ಚು ಹುಟ್ಟಿ ಮೇಲೆ ಉಳಿಯುತ್ತದೆ.

ಘಟ್ಟದ ಕೆಳಗೆ, ಕುಮಟೆ ಕಾರವಾರದಲ್ಲಿ, ಚಳಿ ಸಾಲದೆ ಗಡ್ಡೆ ಸಣ್ಣದೇ ಆಗುತ್ತದೆ. ಕುಮಟೆಯ ನೆಂಟರ ಮನೆಯಲ್ಲಿ ಇದೇ ಕ್ರಮದಲ್ಲಿ ಇಟ್ಟದ್ದರಲ್ಲಿ ಅರ್ಧ ಉಳಿದಿದೆ. ಅಲ್ಲಿ ಫೆಬ್ರವರಿಯಿಂದಲೇ ಆರೇಳು ದಿನಕ್ಕೊಮ್ಮೆ ಮರಳಿಗೆ ನೀರು ಬೇಕು, ಮೇಲೆ ದಪ್ಪಗೆ ದರಕು (ಒಣ ಎಲೆ) ಹೊದಿಸಬೇಕು. ಮರಳನ್ನು ಮಾತ್ರ ಸಮುದ್ರದಂಡೆಯಿಂದ ತರಬೇಡಿ.