ಟ್ಯೂಬ್ ಆರಿಸಿದ ಮೇಲೆ ಎಲೆಕ್ಟ್ರಾನ್ ಎಲ್ಲಿಗೆ ಹೋಯ್ತು? ಪತ್ತೆ ಮಾಡೋದು ಹೀಗೆ

ಮೊನ್ನೆ ಹಾಸನದ ನಮ್ಮ ಮನೆಗೆ ತಂಗಿ ಮಗ ಬಂದಿದ್ದ. ಓದುತ್ತಿರುವುದು ಎಂ.ಎಸ್ಸಿ. ಭೌತಶಾಸ್ತ್ರ, ಪ್ರಾಜೆಕ್ಟ್ ಆರ್ಗಾನ್ ಪ್ಲಾಸ್ಮಾದ (ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದು ಅಯಾನುಗಳು ಉಳಿದ ಅನಿಲದ) ಆಫ್ಟರ್‌ಗ್ಲೋ, ಅಂದರೆ ಕರೆಂಟ್ ತೆಗೆದ ಮೇಲೂ ಟ್ಯೂಬಿನಲ್ಲಿ ಸ್ವಲ್ಪ ಹೊತ್ತು ಉಳಿಯುವ ಹೊಳಪು. ಕಾಫಿ ಲೋಟ ಕೆಳಗಿಡುವ ಮೊದಲೇ ಲ್ಯಾಪ್‌ಟಾಪ್ ತೆಗೆದು, "ಮಾವ, ಗ್ರಾಫಿನ ಗೆರೆ ನೇರ ಬಂತು. ಎಲೆಕ್ಟ್ರಾನೂ ಅಯಾನೂ ಕೂಡಿಕೊಂಡವು ಅಂತ ಸಾಬೀತಾಯ್ತು ಅಲ್ವಾ?" ಅಂದ. ಆಗಿರಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ ಹಾಕಿ. ಒಂಟಿ ಆರ್ಗಾನ್ ಅಯಾನು ಎಲೆಕ್ಟ್ರಾನನ್ನು ಸುಮ್ನೆ ಹಿಡಿದಿಟ್ಟುಕೊಳ್ಳಲಾರದು. ಕೂಡಿದಾಗ ಉಳಿಯುವ ಶಕ್ತಿಯನ್ನು ಎಲ್ಲಾದರೂ ಇಳಿಸಬೇಕು. ಬೆಳಕಾಗಿ ಬಿಡುವುದು ಒಂದು ದಾರಿ, ಆದರೆ ಬಹಳ ನಿಧಾನದ ದಾರಿ. ಒಂದು ಘನ ಸೆಂ.ಮೀ.ಗೆ 10¹⁰ ಎಲೆಕ್ಟ್ರಾನ್ ಇದ್ದರೆ ಹತ್ತಾರು ಸೆಕೆಂಡು ಹಿಡಿಯುತ್ತದೆ. ನಿಮ್ಮ ಹೊಳಪು ಮಿಲಿಸೆಕೆಂಡುಗಳಲ್ಲೇ ಮುಗಿಯುತ್ತದೆ. 1949ರಲ್ಲಿ ಭೌತವಿಜ್ಞಾನಿಗಳಾದ ಬಿಯೋಂಡಿ ಮತ್ತು ಬ್ರೌನ್ ಮೈಕ್ರೊವೇವ್‌ನಿಂದ ಅಳೆದಾಗಲೂ ದರ ಹೀಗೇ ವಿಪರೀತ ಜಾಸ್ತಿ ಬಂದಿತ್ತು. ಮರುವರ್ಷ ಇನ್ನೊಬ್ಬ ಭೌತವಿಜ್ಞಾನಿ ಬೇಟ್ಸ್ ಕಾರಣ ಹೇಳಿದರು. ಅಯಾನು ಮೊದಲು ಇನ್ನೊಂದು ಪರಮಾಣುವಿಗೆ ಅಂಟಿ ಜೋಡಿಯಾಗುತ್ತದೆ. ಆ ಜೋಡಿ ಎಲೆಕ್ಟ್ರಾನ್ ಹಿಡಿದ ಕೂಡಲೇ ಒಡೆದು ಎರಡಾಗುತ್ತದೆ, ಉಳಿದ ಶಕ್ತಿ ಆ ಎರಡೂ ದೂರ ಓಡುವುದಕ್ಕೂ ಒಂದು ಉದ್ರೇಕಗೊಳ್ಳುವುದಕ್ಕೂ (ಹೆಚ್ಚಿನ ಶಕ್ತಿ ತುಂಬಿಕೊಂಡು, ಆಮೇಲೆ ಅದನ್ನು ಬೆಳಕಾಗಿ ಬಿಡುವುದಕ್ಕೂ) ಖರ್ಚಾಗುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಆರ್ಗಾನ್ ಜೋಡಿಗೆ ಈ ದರ ಸೆಕೆಂಡಿಗೆ ಸುಮಾರು 7 × 10⁻⁷ ಘನ ಸೆಂ.ಮೀ. ಅದೇ 10¹⁰ಕ್ಕೆ ಹಾಕಿ ನೋಡಿ, 0.14 ಮಿಲಿಸೆಕೆಂಡಿನಲ್ಲಿ ಅರ್ಧ ಖಾಲಿ.

ಹಾಗಾಗಿ ಗ್ರಾಫ್‌ಗಿಂತ ಮುಂಚೆ ಒತ್ತಡ ನೋಡಿಕೊಳ್ಳಿ. ಜೋಡಿಯಾಗಲು ಒಂದು ಅಯಾನು, ಎರಡು ಪರಮಾಣು ಒಟ್ಟಿಗೆ ಡಿಕ್ಕಿಯಾಗಬೇಕು, ಆದ್ದರಿಂದ ಒತ್ತಡ 10 ಪಟ್ಟಾದರೆ ಜೋಡಿಯಾಗುವ ವೇಗ 100 ಪಟ್ಟು. 1 ಟಾರ್ ಒತ್ತಡದಲ್ಲಿ ಸುಮಾರು 4 ಮಿಲಿಸೆಕೆಂಡು ಬೇಕು. 1 ಸೆಂ.ಮೀ. ತ್ರಿಜ್ಯದ ಟ್ಯೂಬಾದರೆ ಅಷ್ಟರೊಳಗೆ ಹೆಚ್ಚಿನವು ಗೋಡೆಗೆ ಹೋಗಿ ಸತ್ತಿರುತ್ತವೆ! 10 ಟಾರ್ ಇಟ್ಟರೆ 0.04 ಮಿಲಿಸೆಕೆಂಡು ಸಾಕು. ನಮ್ಮ ಹುಡುಗ ಇಟ್ಟಿದ್ದು 1 ಟಾರ್.

ಈಗ ಗೆರೆಯ ವಿಷಯ. ಸಮಯದ ಎದುರು 1/ಎಲೆಕ್ಟ್ರಾನ್ ಸಾಂದ್ರತೆ ಹಾಕಿದಾಗ ನೇರ ಬಂದರೆ ಮರುಸಂಯೋಗ (ಎಲೆಕ್ಟ್ರಾನೂ ಅಯಾನೂ ಕೂಡಿಕೊಳ್ಳುವುದು), ಸಾಂದ್ರತೆಯ ಲಾಗರಿದಮ್ ನೇರ ಬಂದರೆ ಗೋಡೆಗೆ ಸೋರಿಕೆ. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಆದರೆ ಸಾಂದ್ರತೆ ಅರ್ಧಕ್ಕೂ ಇಳಿಯದ ತುಣುಕನ್ನು ಮಾತ್ರ ನೋಡಿದರೆ ಎರಡೂ ನೇರವೇ ಕಾಣುತ್ತವೆ. ಅವನ ಗ್ರಾಫಿನಲ್ಲಿ ಆಗಿದ್ದು ಅದೇ. ಕನಿಷ್ಠ ಐದಾರು ಪಟ್ಟು ಇಳಿಯುವ ತನಕ ಅಳೆಯಿರಿ, ಹತ್ತು ಪಟ್ಟಾದರೆ ನನಗೆ ಸಮಾಧಾನ.

ಕರೆಂಟ್ ತೆಗೆದ ಕ್ಷಣದಿಂದಲೇ ಗೆರೆ ಎಳೆಯಬೇಡಿ. ಆಗ ಎಲೆಕ್ಟ್ರಾನ್ ಇನ್ನೂ ಬಿಸಿ. ಜೊತೆಗೆ ಉದ್ರೇಕಗೊಂಡ ಆರ್ಗಾನ್ ಪರಮಾಣುಗಳು ಪರಸ್ಪರ ಡಿಕ್ಕಿಯಾಗಿ ಹೊಸ ಎಲೆಕ್ಟ್ರಾನ್ ಹುಟ್ಟಿಸುತ್ತಿರುತ್ತವೆ. ಬೆಳಕನ್ನು ಗಮನಿಸಿದರೆ ಒಂದು ತಮಾಷೆ ಕಾಣುತ್ತದೆ, ಅದು ಮೊದಲು ದಡಕ್ಕನೆ ಬೀಳುತ್ತದೆ, ಆಮೇಲೆ ಎಲೆಕ್ಟ್ರಾನ್ ತಣ್ಣಗಾದಂತೆ ಮತ್ತೆ ಏರುತ್ತದೆ. ಈ ಎರಡನೇ ಏರು ಇಳಿಯಲು ಶುರುವಾದ ಮೇಲಿನ ಅಂಕಿಗಳನ್ನು ತೆಗೆದುಕೊಳ್ಳಿ. ಸಾಂದ್ರತೆ ಅಳೆಯುವ ಮೈಕ್ರೊವೇವ್ ಸೆಟಪ್ ಇಲ್ಲದವರು ಬೆಳಕನ್ನೇ ಬಳಸಬಹುದು. ಅದು ಸಾಂದ್ರತೆಯ ವರ್ಗದಂತೆ ಬದಲಾಗುವುದರಿಂದ 1/√ಬೆಳಕು ನೇರ ಗೆರೆ ಕೊಡಬೇಕು. ಆ ಗೆರೆಯಿಂದ ದರ ಸಿಗುವುದಿಲ್ಲ, ಸಾಂದ್ರತೆ ಗೊತ್ತಿರಬೇಕು. ನಡವಳಿಕೆ ಮಾತ್ರ ತಿಳಿಯುತ್ತದೆ.

ನನಗೆ ಬಹಳ ಇಷ್ಟದ ಪರೀಕ್ಷೆ ಬೇರೆ. ಹೊಳಪಿನ ನಡುವೆ ಒಂದು ಸಣ್ಣ ಮೈಕ್ರೊವೇವ್ ಪಲ್ಸ್ ಕೊಟ್ಟು ಎಲೆಕ್ಟ್ರಾನ್‌ಗಳನ್ನಷ್ಟೇ ಸ್ವಲ್ಪ ಬಿಸಿ ಮಾಡಿ. ಬಿಸಿ ಎಲೆಕ್ಟ್ರಾನ್ ಅಯಾನಿಗೆ ಸುಲಭವಾಗಿ ಸಿಗುವುದಿಲ್ಲ, ಬೆಳಕು ಮಂಕಾಗಬೇಕು. ಪಲ್ಸ್ ಮುಗಿದ ಮೇಲೆ ಮತ್ತೆ ಚೇತರಿಸಿಕೊಳ್ಳಬೇಕು. ಹಾಗಾದರೆ ಆ ಬೆಳಕು ಮರುಸಂಯೋಗದಿಂದಲೇ ಬಂದದ್ದು ಅಂತ ನಾನು ಒಪ್ಪುತ್ತೇನೆ.

ಅನಿಲ ಬದಲಾಯಿಸುವ ಆಸೆ ಇದ್ದರೆ ನಿಯಾನ್ ಆಗಬಹುದು, ಜೋಡಿಯ ದರ ಸುಮಾರು 1.7 × 10⁻⁷. ಹೀಲಿಯಮ್ ಮಾತ್ರ ಮೊದಲಿಗೇ ಬೇಡ. ಅದರ ಜೋಡಿ ಎಲೆಕ್ಟ್ರಾನ್ ಜೊತೆ ಕೂಡಿ ಒಡೆಯುವುದು ತೀರಾ ನಿಧಾನ. ದಟ್ಟ ಪ್ಲಾಸ್ಮಾ ಆದರೆ ಅಲ್ಲಿ ಇನ್ನೊಂದು ಎಲೆಕ್ಟ್ರಾನೇ ಬಂದು ಶಕ್ತಿ ಹೊತ್ತುಕೊಂಡು ಹೋಗುತ್ತದೆ, ಆ ಲೆಕ್ಕವೇ ಬೇರೆ.

ಕೊನೆಗೆ ತೇವ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ನೀರಾಗುವುದನ್ನು ನೋಡಿದ್ದೀರಲ್ಲ, ಗಾಜಿನ ಒಳಗೋಡೆಗೂ ನೀರು ಹಾಗೇ ಹಿಡಿದಿರುತ್ತದೆ. ಆರ್ಗಾನ್ ಅಯಾನು ತನ್ನ ವಿದ್ಯುದಾವೇಶವನ್ನು ನೀರಿನ ಅಣುವಿಗೆ ದಾಟಿಸಿಬಿಟ್ಟರೆ ನೀವು ಅಳೆಯುವುದು ನೀರಿನ ಅಯಾನಿನ ಮರುಸಂಯೋಗ, ಅದೂ ಜೋರಾಗಿಯೇ ನಡೆಯುವುದರಿಂದ ಗುಮಾನಿಯೂ ಬರುವುದಿಲ್ಲ. ಅನಿಲ ತುಂಬುವ ಮೊದಲು ಪಂಪ್ ಓಡುತ್ತಿರುವಾಗಲೇ ಟ್ಯೂಬನ್ನು 200 ಡಿಗ್ರಿಗಿಂತ ಮೇಲೆ ಗಂಟೆಗಟ್ಟಲೆ ಕಾಯಿಸಿ. ರಬ್ಬರ್ ರಿಂಗ್ ಇರುವ ಜಾಗಕ್ಕೆ ಅಷ್ಟು ಬಿಸಿ ತಾಗಿಸಬೇಡಿ.

ಅವನ ಟ್ಯೂಬ್ ಈಗ ಹೀಟಿಂಗ್ ಟೇಪ್ ಸುತ್ತಿಕೊಂಡು ಕೂತಿದೆಯಂತೆ. ನಿನ್ನೆ ರಾತ್ರಿ ಎರಡು ಸಲ ಕರೆಂಟ್ ಹೋಗಿ, ಪಂಪ್ ನಿಂತು, ಮತ್ತೆ ಮೊದಲಿಂದ ಶುರು.